ಕಾಲ್ಚೆಂಡಿನ ಧಣಿಗಳು

ನಮ್ಮ ರಾಮಸಮುದ್ರದ ಹಿರಿಯರು ಎರಡು ರಾಜಧಾನಿಗಳನ್ನು ಕಂಡವರು. 1956ರ ನವೆಂಬರ್ 1ರವರೆಗೆ ಯಾದಗಿರಿ, ಶಹಾಪುರ, ಸುರಪುರಗಳೆಲ್ಲ ಹೈದರಾಬಾದ್ ರಾಜ್ಯದ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ಅಂದಿನಿಂದ ನಾವು ಮೈಸೂರು ರಾಜ್ಯದವರಾದೆವು, ಬೆಂಗಳೂರು ನಮ್ಮ ರಾಜಧಾನಿಯಾಯಿತು. ಕೂಲಿಗೆ, ದವಾಖಾನೆಗೆ, ಮಕ್ಕಳ ಓದಿಗೆ ನಮ್ಮ ಜನ ಇಂದಿಗೂ ಯಾದಗಿರಿ ಸ್ಟೇಷನ್ನಿನಲ್ಲಿ ನಿಂತು ಈ ಎರಡೂ ಊರುಗಳ ದಾರಿ ಹಿಡಿಯುತ್ತಾರೆ. ಕಲ್ಕತ್ತಾವನ್ನು ಬಿಟ್ಟರೆ ಭಾರತದ ಫುಟ್ಬಾಲಿಗೆ ಅತಿ ಹೆಚ್ಚು ಆಟಗಾರರನ್ನು ಕೊಟ್ಟ ಊರುಗಳಲ್ಲಿ ಇವೆರಡೂ ಮುಂಚೂಣಿಯವು. ಅಲ್ಲಿ ಆಟವನ್ನು ಸಾಕಿದವರು ಯಾರು, ಅವರ ರೊಕ್ಕ ಎಲ್ಲಿಂದ ಬಂತು, ಅವರು ಕೈಬಿಟ್ಟ ಮೇಲೆ ಆಟದ ಗತಿ ಏನಾಯಿತು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಬರೆಯಲು ನನಗಿರುವ ಅರ್ಹತೆ ಇಷ್ಟು. ನಮ್ಮಪ್ಪ ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿಬರುತ್ತಿದ್ದ. ಅಲ್ಲಿನ ಫತೇ ಮೈದಾನದಲ್ಲಿ ಪೊಲೀಸ್ ತಂಡದ ಆಟ ನೋಡಿ ಬಂದು, ತೊಗರಿ ಹೊಲದ ಬದುವಿನ ಮೇಲೆ ಕೂತು ನಮಗೆ ವರ್ಣಿಸುತ್ತಿದ್ದ. ನಾನು ಫಿಟ್ಟರ್ ತರಬೇತಿ ಮುಗಿಸಿ 1978ರಲ್ಲಿ ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆ ಸೇರಿದೆ; ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎಂಬುದು ಅದರ ಪೂರ್ತಿ ಹೆಸರು. ನಿವೃತ್ತನಾಗುವವರೆಗೆ ಅಲ್ಲೇ ದುಡಿದು ಊರಿಗೆ ಮರಳಿದೆ. ಒಂದು ತಂಡ ಅಪ್ಪನದು, ಇನ್ನೊಂದು ನನ್ನದು. ಎರಡೂ ತಂಡಗಳು ಏಳುವುದನ್ನೂ ಇಳಿಯುವುದನ್ನೂ ನಮ್ಮ ಮನೆ ಕಂಡಿದೆ.

ಪೊಲೀಸ್ ಇಲಾಖೆಯ ಅನ್ನ

ನಿಜಾಮರ ಕಾಲದ ಹೈದರಾಬಾದಿನಲ್ಲಿ ಶ್ರೀಮಂತಿಕೆಗೆ ಕೊರತೆ ಇರಲಿಲ್ಲ. ಆದರೆ ಆ ಊರಿನ ಫುಟ್ಬಾಲನ್ನು ದೇಶಕ್ಕೆಲ್ಲ ಪರಿಚಯಿಸಿದ್ದು ಅರಮನೆಯಲ್ಲ, ಪೊಲೀಸ್ ಇಲಾಖೆ. ಹೈದರಾಬಾದ್ ಸಿಟಿ ಪೊಲೀಸ್ ತಂಡ 1943ರಲ್ಲಿ ಬೆಂಗಳೂರಿಗೆ ಬಂದು, ಬ್ರಿಟಿಷ್ ವಾಯುಪಡೆಯ ತಂಡವನ್ನು ಸೋಲಿಸಿ ಆ್ಯಶ್ ಗೋಲ್ಡ್ ಕಪ್ ಗೆದ್ದುಕೊಂಡು ಹೋಯಿತು. ಸ್ವಾತಂತ್ರ್ಯಾನಂತರ 1950ರಲ್ಲಿ ಮೊದಲ ಸಲ ನಡೆದ ಡುರಾಂಡ್ ಕಪ್ಪಿನ ಫೈನಲ್ಲಿನಲ್ಲಿ ಮೋಹನ್ ಬಾಗಾನನ್ನು ಮಣಿಸಿತು. ಮುಂಬೈಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ವರ್ಷ ಬೇರೆ ಯಾರ ಕೈಗೂ ಬಿಟ್ಟುಕೊಡಲಿಲ್ಲ.

ಈ ತಂಡವನ್ನು ತಿದ್ದಿದವರು ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಅವರು ಶಾಲಾ ಮಾಸ್ತರರು. 1950ರಿಂದ ತಾವು ತೀರಿಕೊಂಡ 1963ರವರೆಗೂ ಅವರು ಪೊಲೀಸ್ ತಂಡದ ತರಬೇತುದಾರರಾಗಿದ್ದರು, ರಾಷ್ಟ್ರೀಯ ತಂಡವನ್ನೂ ಪಳಗಿಸಿದರು. 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತಾದಲ್ಲಿ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಚಿನ್ನ ಬಂತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು. ಆ ತಂಡಗಳಲ್ಲಿ ಹೈದರಾಬಾದಿನ ಹುಡುಗರು ಹಲವರಿದ್ದರು. ನಮ್ಮ ಸೀಮೆ ಮೈಸೂರಿಗೆ ಸೇರಿದ ಆ ಋತುವಿನಲ್ಲಿ, ಮತ್ತೆ ಅದರ ಮುಂದಿನ ಋತುವಿನಲ್ಲಿ, ಸಂತೋಷ್ ಟ್ರೋಫಿ ಗೆದ್ದದ್ದೂ ಹೈದರಾಬಾದೇ. ಅಪ್ಪನಿಗೆ ಅದು ಕೊನೆಯವರೆಗೂ ಮನಸ್ಸಿಗೆ ಹತ್ತಿದ ವಿಷಯ. “ನಾವು ಬಿಟ್ಟು ಬಂದ್ವಿ, ಅವರು ಗೆದ್ದರು” ಎನ್ನುತ್ತಿದ್ದ.

ಅಷ್ಟೊಂದು ಗೆಲುವಿನ ಹಿಂದೆ ಇದ್ದ ಹಣವಾದರೂ ಎಷ್ಟು? ಒಬ್ಬ ಪೊಲೀಸಿನವನ ತಿಂಗಳ ಪಗಾರ. ಬಡವರ ಮನೆಯ ಹುಡುಗನಿಗೆ ಚೆಂಡು ಒದೆಯುವ ಚಾಕಚಕ್ಯತೆ ಇದ್ದರೆ ಇಲಾಖೆಯಲ್ಲಿ ನೌಕರಿ, ಸಮವಸ್ತ್ರ, ಮುಂದೆ ಪಿಂಚಣಿ ಸಿಗುತ್ತಿತ್ತು. ಅವನ ತಾಯಿ “ಆಟ ಆಡಿ ಏನು ಹೊಟ್ಟೆ ತುಂಬತದ?” ಎಂದು ಬೈಯುವ ಕಾರಣವನ್ನೇ ಇಲಾಖೆ ತೆಗೆದುಹಾಕಿತ್ತು. ಆಟಗಾರ ನಾಳೆಯ ಚಿಂತೆ ಇಲ್ಲದೆ ಇಂದು ಆಡಬಹುದು ಎಂಬುದೇ ಆ ಕಾಲದ ದೊಡ್ಡ ಬಂಡವಾಳವಾಗಿತ್ತು.

ಕಾರ್ಖಾನೆಯ ಗೇಟಿನೊಳಗೆ

ಬೆಂಗಳೂರಿನಲ್ಲಿ ಆಟ ಕಾಲಿಟ್ಟಿದ್ದು ದಂಡಿನ ಪ್ರದೇಶದ ಗೋರಾ ಸಿಪಾಯಿಗಳ ಜೊತೆ. ಅವರನ್ನು ನೋಡಿ ಕಲಿತ ಹುಡುಗರು ಶಿವಾಜಿನಗರ, ಹಲಸೂರು, ಆಸ್ಟಿನ್ ಟೌನ್‌ಗಳಲ್ಲಿ ತಂಡ ಕಟ್ಟಿದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಸೈನ್ಯದ ತಂಡಗಳದೇ ಪಾರುಪತ್ಯವಿದ್ದ ಆ ಕಪ್ಪನ್ನು ಎತ್ತಿದ ಮೊದಲ ಭಾರತೀಯ ನಾಗರಿಕ ತಂಡ ಅದು. ಮರುವರ್ಷ ಮತ್ತೆ ಗೆದ್ದಿತು, 1948ರಲ್ಲಿ ಮೂರನೇ ಸಲ ಗೆದ್ದಿತು. 1946–47ರಲ್ಲೂ 1952–53ರಲ್ಲೂ ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಿತು. ಆ ಟ್ರೋಫಿಯ ಹೆಸರಿನಲ್ಲೇ ಒಬ್ಬ ಧನಿಕರಿದ್ದಾರೆ: ಈಗ ಬಾಂಗ್ಲಾದೇಶಕ್ಕೆ ಸೇರಿರುವ ಸಂತೋಷ್ ಎಂಬ ಜಮೀನ್ದಾರಿಯ ಮಹಾರಾಜ, ಸರ್ ಮನ್ಮಥನಾಥ್ ರಾಯ್ ಚೌಧರಿ.

1948ರ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತದ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ವಿರುದ್ಧ ಭಾರತದ ಒಂದೇ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಇನ್ನೊಬ್ಬರು ಅಹ್ಮದ್ ಖಾನ್. 1949ರಲ್ಲಿ ಕಲ್ಕತ್ತಾದ ಈಸ್ಟ್ ಬೆಂಗಾಲ್ ಅವರನ್ನು ಕರೆಸಿಕೊಂಡಿತು. ಆ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹಾ ದಕ್ಷಿಣದಿಂದ ಹೆಕ್ಕಿ ತಂದ ಐವರು ಮುಂಚೂಣಿ ಆಟಗಾರರನ್ನು ಕಲ್ಕತ್ತಾದ ಜನ ಪಂಚ ಪಾಂಡವರೆಂದರು. ಅಹ್ಮದ್ ಖಾನ್ ಅವರಲ್ಲೊಬ್ಬರು. ಈಸ್ಟ್ ಬೆಂಗಾಲ್ 1949, 1950, 1951 ಮೂರೂ ವರ್ಷ ಐಎಫ್‌ಎ ಶೀಲ್ಡ್ ಗೆದ್ದಿತು. ಜಕಾರ್ತಾದ ಚಿನ್ನದ ತಂಡದಲ್ಲಿದ್ದ ಅರುಮೈನಾಯಗಂ ಬೆಂಗಳೂರಿನವರೇ. ಅವರ ಆಟವನ್ನು ಹೆಚ್ಚು ಕಂಡದ್ದು ಮೋಹನ್ ಬಾಗಾನಿನ ಪ್ರೇಕ್ಷಕರು. ಹುಡುಗರನ್ನು ಬೆಳೆಸುವುದು ಬೆಂಗಳೂರು, ಕೊಯ್ದುಕೊಳ್ಳುವುದು ಕಲ್ಕತ್ತಾ. ಯಾರಿಗೆ ಹಣವೂ ಹುಚ್ಚು ಅಭಿಮಾನಿಗಳೂ ಇದ್ದರೋ ಅವರ ಕಡೆಗೆ ಆಟಗಾರ ಹೋಗುವುದು ಇಂದಿನ ಹೊಸ ರೋಗವೇನಲ್ಲ.

ಈ ಸೋರಿಕೆಯನ್ನು ಸ್ವಲ್ಪಮಟ್ಟಿಗೆ ತಡೆದದ್ದು ಸರ್ಕಾರಿ ಕಾರ್ಖಾನೆಗಳು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಶುರುಮಾಡಿದ ಎಚ್‌ಎಎಲ್, 1948ರಲ್ಲಿ ಬಂದ ಐಟಿಐ, ಆಮೇಲೆ ಬಂದ ಎಚ್‌ಎಂಟಿ, ಬಿಇಎಲ್, ಬಿಇಎಂಎಲ್ ಬೆಂಗಳೂರಿನ ಪೂರ್ವಕ್ಕೂ ಉತ್ತರಕ್ಕೂ ಹೊಸ ಊರುಗಳನ್ನೇ ಕಟ್ಟಿದವು. ಸೈರನ್ನು, ಪಾಳಿ, ಕ್ವಾರ್ಟರ್ಸು, ಕ್ಯಾಂಟೀನು, ಮೈದಾನ, ಇವೆಲ್ಲ ಒಂದೇ ಆವರಣದ ಜೀವನವಾಗಿದ್ದವು. ಐಟಿಐ, ಎಚ್‌ಎಎಲ್‌ನಂಥ ತಂಡಗಳು ರಾಜ್ಯ ಲೀಗಿನಲ್ಲಿ ಎದುರುಬದುರಾದರೆ ಕಾರ್ಖಾನೆಗೆ ಕಾರ್ಖಾನೆಯೇ ಎದುರಾದಂತೆ. 1967–68ರಲ್ಲಿ ಕಟಕ್‌ನಲ್ಲಿ, ಮರುವರ್ಷ ಬೆಂಗಳೂರಿನಲ್ಲಿ, ಮೈಸೂರು ತಂಡ ಬಂಗಾಳವನ್ನೇ ಸೋಲಿಸಿ ಸತತ ಎರಡು ಸಲ ಸಂತೋಷ್ ಟ್ರೋಫಿ ಗೆದ್ದಿತು.

ನಾನು ಕೆಲಸಕ್ಕೆ ಸೇರುವ ಹಿಂದಿನ ವರ್ಷ, 1977ರಲ್ಲಿ, ದೇಶದ ಕ್ಲಬ್ಬುಗಳಿಗೆಲ್ಲ ಸೇರಿ ಫೆಡರೇಷನ್ ಕಪ್ ಎಂಬ ಹೊಸ ಪಂದ್ಯಾವಳಿ ಎರ್ನಾಕುಲಂನಲ್ಲಿ ನಡೆಯಿತು. ಫೈನಲ್ಲಿನಲ್ಲಿ ಮೋಹನ್ ಬಾಗಾನಿನ ಎದುರು ನಿಂತದ್ದು ಐಟಿಐ. ಟೆಲಿಫೋನು ಮಾಡುವ ಕಾರ್ಖಾನೆಯ ನೌಕರರ ತಂಡ 1–0ಯಿಂದ ಗೆದ್ದಿತು. ಮೊಟ್ಟಮೊದಲ ಫೆಡರೇಷನ್ ಕಪ್ ದೂರವಾಣಿನಗರಕ್ಕೆ ಬಂತು. ನಾನು ಸೇರಿದಾಗ ಕ್ಯಾಂಟೀನಿನಲ್ಲಿ ಅದೇ ಮಾತು ಇನ್ನೂ ಬಿಸಿಯಾಗಿತ್ತು. ಯಾದಗಿರಿಯಿಂದ ಬಂದ ನನಗೆ ಆಗ ಬೆಂಗಳೂರಿನ ಕನ್ನಡವೂ ಪೂರ್ತಿ ಒಗ್ಗಿರಲಿಲ್ಲ. ತಮಿಳು, ತೆಲುಗು, ಮಲಯಾಳಂ ಮಾತಾಡುವವರ ನಡುವೆ ಊಟದ ತಟ್ಟೆ ಹಿಡಿದು ಕೂತಾಗ, “ನಮ್ಮ ಟೀಮು” ಎಂದು ಎಲ್ಲರೂ ಹೇಳುತ್ತಿದ್ದ ಆ ತಂಡವೇ ನನ್ನನ್ನು ಅವರೊಳಗೆ ಸೇರಿಸಿಕೊಂಡಿತು. ಚೆಂಡು ಒದೆಯುವ ಹುಡುಗ ಬೆಳಿಗ್ಗೆ ನಮ್ಮ ಪಕ್ಕದ ವಿಭಾಗದಲ್ಲೇ ಹಾಜರಿ ಹಾಕುತ್ತಿದ್ದ, ಮಧ್ಯಾಹ್ನ ಅಭ್ಯಾಸಕ್ಕೆ ಹೋಗುತ್ತಿದ್ದ. ಅವನ ಪಗಾರಚೀಟಿಯೂ ನನ್ನದೂ ಒಂದೇ ಬಣ್ಣದ್ದು. ಅವನ ಕಾಲು ಮುರಿದರೆ ಕಾರ್ಖಾನೆಯ ಆಸ್ಪತ್ರೆ ಇತ್ತು. ಮೂವತ್ತೈದಕ್ಕೆ ಆಟ ಬಿಟ್ಟರೂ ಕೆಲಸ ಉಳಿಯುತ್ತಿತ್ತು.

ಈ ವ್ಯವಸ್ಥೆಗೆ ಮಿತಿಗಳೂ ಇದ್ದವು, ಅವನ್ನು ಮುಚ್ಚಿಡಬಾರದು. ನೌಕರಿ ಕಾಯಂ ಆದ ಮೇಲೆ ಮೈ ಬೆಳೆಸಿಕೊಂಡವರನ್ನೂ ಕಂಡಿದ್ದೇನೆ. ತಂಡಕ್ಕೆ ಹೊರಗಿನ ಪ್ರೇಕ್ಷಕರನ್ನು ಕಟ್ಟಿಕೊಳ್ಳುವ, ಚಿಕ್ಕ ಮಕ್ಕಳಿಗೆ ಶಿಸ್ತಿನಿಂದ ಕಲಿಸುವ ಉಮೇದು ಹೆಚ್ಚಿನ ಕಾರ್ಖಾನೆಗಳಿಗೆ ಬರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆಟ ಬದುಕುವುದು ಕಾರ್ಖಾನೆ ಬದುಕಿದರೆ ಮಾತ್ರ ಎಂಬ ಕಟ್ಟು ಅದರಲ್ಲಿತ್ತು. 1991ರ ನಂತರ ಸರ್ಕಾರಿ ಉದ್ದಿಮೆಗಳಲ್ಲಿ ನೇಮಕಾತಿ ಬಿಗಿಯಾಯಿತು. ಟೆಲಿಫೋನು ತಯಾರಿಕೆಯಲ್ಲಿ ಖಾಸಗಿಯವರು ಬಂದರು, ಕೈಗೆ ಮೊಬೈಲು ಬಂತು, ನಮ್ಮ ಕಾರ್ಖಾನೆ ನಷ್ಟಕ್ಕೆ ಇಳಿಯಿತು. ಸೇರಿಸಿಕೊಳ್ಳಲು ಹೊಸ ಹುದ್ದೆಯೇ ಇಲ್ಲದ ಮೇಲೆ ಹೊಸ ಆಟಗಾರ ಎಲ್ಲಿಂದ ಬರಬೇಕು? ಹೈದರಾಬಾದಿನ ಪೊಲೀಸ್ ತಂಡ ಆ ವೇಳೆಗಾಗಲೇ ಹಳೆಯ ಕಥೆಯಾಗಿತ್ತು.

ನಮ್ಮ ಭಾಗದವರಿಗೆ ಈ ನೋವು ಹೊಸದಲ್ಲ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬಂಗಾರದ ರೇಕು ಅಂಟಿಸಿ ಬಿಡಿಸುವ ಚಿತ್ರಕಲೆ ಅರಳಿತ್ತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಅಂತ್ಯವಾಗಿ, ಅರಸೊತ್ತಿಗೆ ಇಲ್ಲವಾದ ಮೇಲೆ ಆ ಕಲೆ ಕ್ರಮೇಣ ಸೊರಗಿತು. ಚಿತ್ರಗಾರರ ಕೈಯ ಕಸುಬು ಒಂದೇ ದಿನದಲ್ಲಿ ಕಳೆದುಹೋಗಿರಲಿಲ್ಲ. ಅವರ ಒಲೆ ಉರಿಸುವವರು ಇಲ್ಲವಾದರು.

ಅಂಗಿಯ ಮೇಲೆ ಹೆಸರು

ಕಾರ್ಖಾನೆಗಳು ಕೈಚೆಲ್ಲುತ್ತಿದ್ದ ಹೊತ್ತಿಗೇ ಬೆಂಗಳೂರಿನ ಒಬ್ಬ ಧಣಿ ಫುಟ್ಬಾಲಿಗೆ ಕೈಹಾಕಿದರು. 1998ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹ ಕಲ್ಕತ್ತಾದ ಎರಡು ಬದ್ಧ ವೈರಿ ಕ್ಲಬ್ಬುಗಳ ಜೊತೆ ಒಂದೇ ವರ್ಷ ಒಪ್ಪಂದ ಮಾಡಿಕೊಂಡಿತು. ಮೋಹನ್ ಬಾಗಾನ್ ಮ್ಯಾಕ್‌ಡೊವೆಲ್ಸ್ ಹೆಸರು ಹೊತ್ತಿತು, ಈಸ್ಟ್ ಬೆಂಗಾಲ್ ಕಿಂಗ್‌ಫಿಷರ್ ಹೆಸರು ಹೊತ್ತಿತು. ಮದ್ಯದ ಜಾಹೀರಾತಿಗೆ ಕಟ್ಟುಪಾಡಿರುವ ದೇಶದಲ್ಲಿ ಲಕ್ಷಾಂತರ ಜನ ನೋಡುವ ಅಂಗಿಯ ಬೆಲೆ ದೊಡ್ಡದು. ಆ ಹಣದಿಂದ ಎರಡೂ ಕ್ಲಬ್ಬುಗಳು ವಿದೇಶಿ ಆಟಗಾರರನ್ನು ತಂದವು, ರಾಷ್ಟ್ರೀಯ ಲೀಗ್ ಗೆದ್ದವು. 2003ರಲ್ಲಿ ಈಸ್ಟ್ ಬೆಂಗಾಲ್ ಜಕಾರ್ತಾಕ್ಕೆ ಹೋಗಿ ಆಸಿಯಾನ್ ಕ್ಲಬ್ ಚಾಂಪಿಯನ್‌ಷಿಪ್ ಗೆದ್ದು ಬಂತು.

ಬೆಂಗಳೂರಿನ ಹಣ ಬೆಂಗಳೂರಿನ ತಂಡಗಳಿಗೆ ಏಕೆ ಬರಲಿಲ್ಲ ಎಂದು ನಾವು ಕಾರ್ಖಾನೆಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ನಮ್ಮಲ್ಲಿ ಆಟವಿತ್ತು, ಪೇಟೆ ಇರಲಿಲ್ಲ ಎಂಬುದೇ ಅದಕ್ಕೆ ಉತ್ತರ. ಜಾಹೀರಾತಿನ ಹಣ ಜನ ಸೇರುವ ಕಡೆಗೆ ಹರಿಯುತ್ತದೆ. ಧಣಿಯ ವ್ಯಾಪಾರ ಕುಸಿದ ಮೇಲೆ ಆ ಹಣವೂ ಹಿಂದೆ ಸರಿಯಿತು. 2018ರಲ್ಲಿ ಈಸ್ಟ್ ಬೆಂಗಾಲನ್ನು ಹಿಡಿದದ್ದು ಮತ್ತೊಂದು ಬೆಂಗಳೂರು ಕಂಪನಿ, ಕ್ವೆಸ್ ಕಾರ್ಪ್. 2020ಕ್ಕೆ ಅದೂ ಹೊರಬಂತು. ಅಷ್ಟರಲ್ಲಿ ಪಂಜಾಬಿನ ಜೆಸಿಟಿ, ಮುಂಬೈಯ ಮಹೀಂದ್ರ ಯುನೈಟೆಡ್‌ನಂಥ ಕಂಪನಿ ತಂಡಗಳು 2010, 2011ರ ಸುಮಾರಿಗೆ ಬಾಗಿಲು ಮುಚ್ಚಿದ್ದವು. ಆದರೆ ಮೋಹನ್ ಬಾಗಾನೂ ಈಸ್ಟ್ ಬೆಂಗಾಲೂ ಉಳಿದವು. ಧಣಿಗಳು ಬದಲಾದರೂ ಸದಸ್ಯರು, ಅಭಿಮಾನಿಗಳು, ನೂರು ವರ್ಷದ ಹೆಸರು ಅವಕ್ಕೆ ಬೆನ್ನಾಗಿ ನಿಂತವು. ಜೆಸಿಟಿಗೆ ಮಾಲೀಕರ ಹೊರತು ಬೇರೆ ಬೆನ್ನು ಇರಲಿಲ್ಲ.

ಉಕ್ಕಿನ ರೊಕ್ಕ

2012ರಲ್ಲಿ ಎಚ್‌ಎಎಲ್ ತಂಡ ಐ–ಲೀಗಿನಿಂದ ಕೆಳಗಿಳಿಯಿತು. ಕಾರ್ಖಾನೆಗಳ ಬೆಂಗಳೂರು ರಾಷ್ಟ್ರಮಟ್ಟದ ಲೀಗಿನಲ್ಲಿ ಆಡಿದ ಕೊನೆಯ ಅಧ್ಯಾಯ ಅದು. ಮರುವರ್ಷವೇ, 2013ರ ಜುಲೈಯಲ್ಲಿ, ಬೆಂಗಳೂರು ಎಫ್‌ಸಿ ಹುಟ್ಟಿತು. ಮಾಲೀಕರು ಸಜ್ಜನ್ ಜಿಂದಾಲ್ ಅವರ ಜೆಎಸ್‌ಡಬ್ಲ್ಯು ಸಮೂಹ. ಹೊಣೆ ಹೊತ್ತವರು ಮಗ ಪಾರ್ಥ ಜಿಂದಾಲ್. ಈ ಸಮೂಹದ ದೊಡ್ಡ ಉಕ್ಕಿನ ಕಾರ್ಖಾನೆ ಇರುವುದು ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ. ಸಂಡೂರಿನ ಅದಿರು, ತುಂಗಭದ್ರೆಯ ನೀರು, ಕಲ್ಯಾಣ ಕರ್ನಾಟಕದ ದುಡಿಮೆ ಸೇರಿದ ಸಂಪತ್ತದು. ಆದ್ದರಿಂದ ಬೆಂಗಳೂರು ಎಫ್‌ಸಿಯ ಗೆಲುವಿನಲ್ಲಿ ನಮ್ಮ ಭಾಗದ ಪಾಲೂ ಇದೆ ಎಂದು ನಾನು ತಿಳಿದಿದ್ದೇನೆ.

ಗೆಲುವು ತಡವಾಗಲಿಲ್ಲ. ಇಂಗ್ಲೆಂಡಿನಿಂದ ಆ್ಯಶ್ಲಿ ವೆಸ್ಟ್‌ವುಡ್ ತರಬೇತುದಾರರಾಗಿ ಬಂದರು. ಸುನಿಲ್ ಛೇಟ್ರಿ ನಾಯಕರಾದರು. ಅವರು ಹುಟ್ಟಿದ್ದು ಸಿಕಂದರಾಬಾದಿನಲ್ಲಿ ಎಂಬುದು ನನಗೆ ಇಷ್ಟವಾದ ಸಂಗತಿ. ಮೊದಲ ಋತು, 2013–14ರಲ್ಲೇ, ಐ–ಲೀಗ್ ಬಂತು. 2015ರಲ್ಲಿ ಫೆಡರೇಷನ್ ಕಪ್, 2015–16ರಲ್ಲಿ ಮತ್ತೆ ಐ–ಲೀಗ್. 2016ರ ನವೆಂಬರ್‌ನಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡಿತು. ದೋಹಾದಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ ಒಂದು ಗೋಲಿನಿಂದ ಸೋತಿತು. 2018ರಲ್ಲಿ ಸೂಪರ್ ಕಪ್, 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಗೋವಾವನ್ನು ಹೆಚ್ಚುವರಿ ಸಮಯದಲ್ಲಿ ಸೋಲಿಸಿ ಇಂಡಿಯನ್ ಸೂಪರ್ ಲೀಗ್, 2022ರಲ್ಲಿ ಡುರಾಂಡ್ ಕಪ್. ಹಣಕ್ಕೆ ಗೆಲ್ಲಿಸುವ ಬಲವಿಲ್ಲ ಎಂದು ಯಾರಾದರೂ ಹೇಳಿದರೆ ಈ ಪಟ್ಟಿ ಅವರಿಗೆ ಉತ್ತರ.

ಆದರೆ ಅದೇ ಹಣದ ಇನ್ನೊಂದು ಕಥೆಯನ್ನು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಊರು ಹೇಳುತ್ತದೆ. ಅಲ್ಲಿಯೂ ಧಣಿ ಉಕ್ಕಿನವರೇ. ಜಾಕ್ ವಾಕರ್ ತಮ್ಮ ಉಕ್ಕಿನ ವ್ಯಾಪಾರವನ್ನು ಮಾರಿ ಬಂದ ಹಣವನ್ನು ತಮ್ಮೂರಿನ ಕ್ಲಬ್ಬಿಗೆ ಸುರಿದರು. 1992ರಲ್ಲಿ ಅಲನ್ ಶಿಯರರ್ ಅವರನ್ನು ದಾಖಲೆಯ ಬೆಲೆಗೆ ಕೊಂಡು ತಂದರು. 1914ರ ನಂತರ ಮೊದಲ ಸಲ, 1995ರಲ್ಲಿ, ಬ್ಲ್ಯಾಕ್‌ಬರ್ನ್ ರೋವರ್ಸ್ ಇಂಗ್ಲೆಂಡಿನ ಚಾಂಪಿಯನ್ ಆಯಿತು. ವಾಕರ್ ಆಟಗಾರರನ್ನು ಕೊಂಡು ಸುಮ್ಮನಾಗಲಿಲ್ಲ. ಮೈದಾನ ಕಟ್ಟಿಸಿದರು, ಹುಡುಗರಿಗೆ ತರಬೇತಿ ಕೇಂದ್ರ ಮಾಡಿಸಿದರು. 2000ದಲ್ಲಿ ಅವರು ತೀರಿಕೊಂಡರು. ಹತ್ತು ವರ್ಷಗಳ ನಂತರ ಅದೇ ಕ್ಲಬ್ಬನ್ನು ಕೊಂಡವರು ನಮ್ಮ ದೇಶದವರು, ಪುಣೆಯ ಕೋಳಿ ಉದ್ಯಮದ ವೆಂಕೀಸ್. ಅವರ ಬಳಿ ಹಣವಿತ್ತು. ಆದರೂ 2012ರಲ್ಲಿ ತಂಡ ಮೇಲಿನ ಲೀಗಿನಿಂದ ಇಳಿಯಿತು, 2017ರಲ್ಲಿ ಮೂರನೇ ದರ್ಜೆಗೂ ಕುಸಿಯಿತು. ಒಂದೇ ಊರು, ಒಂದೇ ಮೈದಾನ, ಇಬ್ಬರೂ ಸಿರಿವಂತರು. ಊರನ್ನೂ ಆಟವನ್ನೂ ಬಲ್ಲವನ ರೊಕ್ಕ ಒಂದು ಬಗೆಯಲ್ಲಿ ಕೆಲಸ ಮಾಡಿತು, ದೂರದಿಂದ ಬಂದ ರೊಕ್ಕ ಇನ್ನೊಂದು ಬಗೆಯಲ್ಲಿ.

ಇನ್ನೊಂದು ಪಾಠ ನಮ್ಮ ಹಳೆಯ ರಾಜಧಾನಿಯಿಂದಲೇ ಬಂತು. 2019ರಲ್ಲಿ ಹೈದರಾಬಾದ್ ಎಫ್‌ಸಿ ಎಂಬ ಹೊಸ ಕ್ಲಬ್ ಹುಟ್ಟಿತು. 2022ರ ಮಾರ್ಚ್‌ನಲ್ಲಿ ಕೇರಳ ಬ್ಲಾಸ್ಟರ್ಸನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಅಪ್ಪ ಬದುಕಿದ್ದರೆ ಪೇಡೆ ಹಂಚುತ್ತಿದ್ದ. ಎರಡೇ ವರ್ಷದಲ್ಲಿ ಆಟಗಾರರ ಪಗಾರ ಬಾಕಿ ಬಿದ್ದು, ಗೆಲ್ಲಿಸಿದವರು ಒಬ್ಬೊಬ್ಬರಾಗಿ ಬಿಟ್ಟುಹೋದರು. 2024ರಲ್ಲಿ ಬಿ.ಸಿ. ಜಿಂದಾಲ್ ಸಮೂಹ ಕ್ಲಬ್ಬನ್ನು ವಹಿಸಿಕೊಂಡಿತು. 2025ರಲ್ಲಿ ಅದು ಊರನ್ನೇ ಬದಲಿಸಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಆಯಿತು. ರಹೀಂ ಸಾಹೇಬರ ಊರಿನ ಕ್ಲಬ್ ಹೀಗೆ ದೆಹಲಿಯದಾಯಿತು. ಪೊಲೀಸ್ ತಂಡ ಸೊರಗಿದಾಗ ಆಟಗಾರನಿಗೆ ನೌಕರಿಯಾದರೂ ಉಳಿದಿತ್ತು. ಇಲ್ಲಿ ಊರೂ ಉಳಿಯಲಿಲ್ಲ.

ಬೆಂಗಳೂರಿಗೂ ಪೆಟ್ಟು ತಪ್ಪಲಿಲ್ಲ. 2010ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಫುಟ್ಬಾಲ್ ಒಕ್ಕೂಟ ತನ್ನ ವಾಣಿಜ್ಯ ಹಕ್ಕುಗಳನ್ನು ಹದಿನೈದು ವರ್ಷಗಳಿಗೆ, 700 ಕೋಟಿ ರೂಪಾಯಿಗೆ, ಐಎಂಜಿ–ರಿಲಯನ್ಸ್‌ಗೆ ಕೊಟ್ಟಿತ್ತು. 2014ರಲ್ಲಿ ಶುರುವಾದ ಇಂಡಿಯನ್ ಸೂಪರ್ ಲೀಗ್ ನಿಂತಿದ್ದು ಅದರ ಮೇಲೆ. ಆ ಅವಧಿ ಮುಗಿಯುವ ಹೊತ್ತು ಬಂದು, ಮುಂದಿನ ಲೀಗ್ ನಡೆಯುತ್ತದೆಯೋ ಇಲ್ಲವೋ ಎಂಬುದೇ ಖಾತ್ರಿಯಿಲ್ಲದಾದಾಗ, 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯುವುದಾಗಿ ಪ್ರಕಟಿಸಿತು. ಎಳೆಯರ ತಂಡಗಳಿಗೂ ಮಕ್ಕಳ ತರಬೇತಿ ಶಾಲೆಗಳಿಗೂ ಈ ನಿರ್ಧಾರ ತಗಲುವುದಿಲ್ಲ ಎಂದೂ ಅದೇ ಪ್ರಕಟಣೆಯಲ್ಲಿ ಹೇಳಿತು.

ಆ ಸುದ್ದಿಯನ್ನು ನನ್ನ ಮೊಮ್ಮಗ ಮೊಬೈಲಿನಲ್ಲಿ ಓದಿ ಹೇಳಿದ. “ಮುತ್ಯಾ, ಅಷ್ಟು ರೊಕ್ಕ ಇದ್ದ ಧಣಿ ಪಗಾರ ನಿಲ್ಲಸ್ತಾನಂದ್ರ ಆಟಗಾರ್‍ರು ಏನ್ ಮಾಡ್ಬೇಕು?” ಎಂದು ಕೇಳಿದ. “ತಮ್ಮಾ, ರೊಕ್ಕ ಎಷ್ಟದ ಅನ್ನೋದಕಿಂತ ಅದು ಯಾರ ಕೈಯಾಗದ, ಏನು ಕರಾರದ ಮ್ಯಾಲ ಅದ ಅನ್ನೋದು ದೊಡ್ಡ ಮಾತು” ಎಂದೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಅದನ್ನೇ.

ಉಳಿಯುವ ರೊಕ್ಕ

ಹಣವಿಲ್ಲದೆ ಫುಟ್ಬಾಲ್ ಎಂದೂ ಇರಲಿಲ್ಲ. ಮಹಾರಾಜರ ಟ್ರೋಫಿ, ಪೊಲೀಸ್ ಪಗಾರ, ಕಾರ್ಖಾನೆಯ ಹುದ್ದೆ, ಮದ್ಯದ ಕಂಪನಿಯ ಅಂಗಿ, ಉಕ್ಕಿನವರ ಕ್ಲಬ್: ಪ್ರತಿ ಕಾಲದ ಗೆಲುವಿನ ಹಿಂದೆ ಒಂದು ತಿಜೋರಿ ಇದೆ. ಧನಿಕರನ್ನು ದೂರುವುದರಿಂದ ಪ್ರಯೋಜನವಿಲ್ಲ. ಅವರು ಬಾರದಿದ್ದರೆ 2012ರ ನಂತರ ಬೆಂಗಳೂರಿನಲ್ಲಿ ದೊಡ್ಡ ಫುಟ್ಬಾಲ್ ಕಾಣುತ್ತಲೇ ಇರಲಿಲ್ಲವೇನೋ. ಆದರೆ ಆ ಹಣ ಎಲ್ಲಿ ಇಳಿಯುತ್ತದೆ ಎಂಬುದರ ಮೇಲೆ ಗೆಲುವಿನ ಆಯುಸ್ಸು ನಿಂತಿದೆ. ಋತುವಿನ ಕೊನೆಗೆ ಹೊರಡುವ ಆಟಗಾರನಲ್ಲಿ ಇಳಿದ ಹಣ ಅವನ ಜೊತೆಗೇ ಹೋಗುತ್ತದೆ. ಮೈದಾನದಲ್ಲಿ, ತರಬೇತುದಾರನಲ್ಲಿ, ಹನ್ನೆರಡು ವರ್ಷದ ಹುಡುಗನ ಊಟದಲ್ಲಿ ಇಳಿದ ಹಣ ಊರಲ್ಲಿ ಉಳಿಯುತ್ತದೆ.

ಇದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಆ ತಂಡದಲ್ಲಿ ದೊಡ್ಡ ಹೆಸರಿನ, ದೊಡ್ಡ ಬೆಲೆಯ ಆಟಗಾರರಿರಲಿಲ್ಲ. ಬೆಂಗಳೂರಿನ ಸ್ಥಳೀಯ ಲೀಗಿನಲ್ಲಿ ಬೆವರು ಸುರಿಸಿದವರು, ಬೆಂಗಳೂರು ಎಫ್‌ಸಿಯ ಎಳೆಯರ ಸಾಲಿನಿಂದ ಬಂದವರು ಅದರಲ್ಲಿದ್ದರು. ಹಲಸೂರು ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡು, ಇಕ್ಕಟ್ಟಾದ ಜಾಗದಲ್ಲಿ ಆಡುತ್ತ ಬಂದ ಕೇರಿಗಳ ಹಟವೂ ಅದರ ಹಿಂದಿದೆ. ಧಣಿಗಳು ಬರುವ ಮೊದಲೂ ಆ ಕೇರಿಗಳು ಆಡುತ್ತಿದ್ದವು.

ಜರ್ಮನಿಯಲ್ಲಿ 1998ರಿಂದ ಒಂದು ನಿಯಮವಿದೆ. ಎಷ್ಟೇ ದೊಡ್ಡ ಹೂಡಿಕೆದಾರ ಬಂದರೂ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮತದ ಅರ್ಧಕ್ಕಿಂತ ಹೆಚ್ಚಿನ ಹಕ್ಕು ಕ್ಲಬ್ಬಿನ ಸದಸ್ಯರ ಕೈಯಲ್ಲೇ ಇರಬೇಕು. ಹೈದರಾಬಾದಿನಲ್ಲಿ ಅಂಥ ನಿಯಮವಿದ್ದಿದ್ದರೆ ಊರಿನ ಜನರನ್ನು ಕೇಳದೆ ಕ್ಲಬ್ಬನ್ನು ದೆಹಲಿಗೆ ಒಯ್ಯುವುದು ಸಾಧ್ಯವಿತ್ತೇ? ನಮ್ಮ ದೇಶದಲ್ಲಿ ಅಷ್ಟು ದೂರ ಹೋಗುವುದು ಕಷ್ಟವಾದರೂ ಒಂದನ್ನು ಮಾಡಬಹುದು. ಲೀಗ್ ಸೇರುವ ಪ್ರತಿ ಮಾಲೀಕರೂ ಆ ಋತುವಿನ ಪೂರ್ತಿ ಪಗಾರದ ಮೊತ್ತವನ್ನು ಮೊದಲೇ ಠೇವಣಿ ಇಡಬೇಕೆಂದು ಒಕ್ಕೂಟ ಕಡ್ಡಾಯ ಮಾಡಲಿ. ಪೊಲೀಸ್ ಇಲಾಖೆಯೂ ಐಟಿಐಯೂ ಕೊಟ್ಟಿದ್ದ ನೆಮ್ಮದಿಯ ಒಂದು ಪಾಲಾದರೂ ಇಂದಿನ ಹುಡುಗನಿಗೆ ಸಿಗುತ್ತದೆ.

ಇನ್ನು ನಮ್ಮ ಭಾಗದ ಮಾತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಆವರಣದ ಪಕ್ಕದಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತು. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ಕಲಿಯಲು ದೇಶದ ಮೂಲೆಮೂಲೆಯ ಮಕ್ಕಳು ಅಲ್ಲಿ ಇದ್ದಾರೆ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿಯೂ ಅದೇ ಊರಿನಲ್ಲಿ ಬೆಳೆದದ್ದು. ಇದು ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಅಲ್ಲಿಗೆ ಮಣಿಪುರದಿಂದ, ಹರಿಯಾಣದಿಂದ ಮಗು ಬರಬಹುದಾದರೆ ಯಾದಗಿರಿಯಿಂದ ಏಕೆ ಬರಬಾರದು? ನಮ್ಮ ಊರುಗಳ ಅರ್ಧ ಹುಡುಗರು ಅಪ್ಪ–ಅಮ್ಮನ ಜೊತೆ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳ ತಗಡಿನ ಶೆಡ್ಡಿನಲ್ಲಿ ಬೆಳೆಯುತ್ತಾರೆ. ಮರಳಿನ ರಾಶಿಯ ಪಕ್ಕ ಹರಕು ಚೆಂಡು ಒದೆಯುವ ಆ ಹುಡುಗರ ಕಾಲಿನ ಕಸುವನ್ನು ಗುರುತಿಸುವವರು ಯಾರೂ ಇಲ್ಲ. ಮೈಲಾಪುರದ ಜಾತ್ರೆಗೆ ಬರುವ ಜನಸಾಗರವನ್ನು ನೋಡಿ, ಮೈಯಲ್ಲಿ ಕಸುವಿರುವ ಹುಡುಗರಿಗೆ ನಮ್ಮಲ್ಲಿ ಬರವಿಲ್ಲ. ಬರವಿರುವುದು ಸಮತಟ್ಟಾದ ಮೈದಾನಕ್ಕೆ, ಕಲಿಸುವ ಮಾಸ್ತರನಿಗೆ.

ಆದ್ದರಿಂದ ನಾನು ಇಬ್ಬರು ಧಣಿಗಳನ್ನು ಕೇಳುತ್ತೇನೆ. ಮೊದಲನೆಯದು ಸರ್ಕಾರ. 371ಜೆ ವಿಧಿಯ ಬಲದಿಂದ ರಚನೆಯಾದ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ರಸ್ತೆ, ಕಟ್ಟಡಗಳಿಗೆ ಹಣ ಕೊಡುವಂತೆ ಹೋಬಳಿಗೊಂದು ಆಟದ ಬಯಲಿಗೆ, ಒಬ್ಬ ಕಾಯಂ ತರಬೇತುದಾರನ ಹುದ್ದೆಗೆ ಹಣ ಕೊಡಲಿ. ಎರಡನೆಯದು ನಮ್ಮ ನೆಲದ ಅದಿರಿನಿಂದ ಬೆಳೆದ ಉದ್ಯಮ. ವರ್ಷಕ್ಕೊಮ್ಮೆ ಅದರ ತರಬೇತುದಾರರು ಯಾದಗಿರಿ, ಶಹಾಪುರ, ಸುರಪುರಕ್ಕೆ ಬಂದು ಮಕ್ಕಳನ್ನು ಆಯ್ದುಕೊಂಡು ಹೋಗಲಿ. ಅಪ್ಪನ ಕಾಲದಲ್ಲಿ ಒಂದು ಪಗಾರ ಒಂದು ಮನೆಯನ್ನು ಉಳಿಸಿ, ದೇಶಕ್ಕೊಬ್ಬ ಒಲಿಂಪಿಯನ್ನನನ್ನು ಕೊಡುತ್ತಿತ್ತು. ಇಂದಿನ ಧಣಿಗಳ ಬಳಿ ಅದಕ್ಕಿಂತ ಎಷ್ಟೋ ಪಟ್ಟು ಹಣವಿದೆ. ಅದರಿಂದ ಕಪ್ಪುಗಳು ಬಂದಿವೆ, ಇನ್ನೂ ಬರಲಿ. ಜೊತೆಗೆ ರಾಮಸಮುದ್ರದಂಥ ಊರಿನಿಂದ ಹೊರಟ ಒಬ್ಬ ಹುಡುಗ, ಅವರ ಅಂಗಿ ತೊಟ್ಟು ಕಂಠೀರವದಲ್ಲಿ ಆಡುವಂತೆ ಮಾಡಿದರೆ, ಆ ಹಣವನ್ನು ಇತಿಹಾಸ ಗೌರವದಿಂದ ನೆನೆಯುತ್ತದೆ.